ಹೆರಿಗೆಯ ನಂತರದ ಎರಡನೆಯ ವಾರ: ತಡವಾಗಿ ಬರುವ ಅತಿ ರಕ್ತಸ್ರಾವದ ಕಾರಣ, ಚಿಕಿತ್ಸೆ ಮತ್ತು ಗ್ರಾಮ ಪಂಚಾಯತಿಗಳ ಹೊಣೆ

ನಮ್ಮ ರಾಜ್ಯದಲ್ಲಿ ಇಂದು ಹೆರಿಗೆಯೆಂದರೆ ಬಹುಮಟ್ಟಿಗೆ ಆಸ್ಪತ್ರೆಯ ಹೆರಿಗೆಯೇ. 2019–21ರ ಅವಧಿಯ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. 2018–20ರ ಮಾದರಿ ನೋಂದಣಿ ವರದಿಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 69ಕ್ಕೆ ಇಳಿದಿತ್ತು. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಿಬ್ಬಂದಿ ಹಾಗೂ ವೈದ್ಯರ ಅನೇಕ ವರ್ಷಗಳ ಪರಿಶ್ರಮದ ಫಲವಿದು. ಆದರೆ ಈ ಸಾಧನೆಯ ಜೊತೆಯಲ್ಲಿಯೇ ನಮ್ಮ ಮನಸ್ಸಿನಲ್ಲಿ ಒಂದು ತಪ್ಪು ಭಾವನೆಯೂ ನೆಲೆಯೂರಿದೆ. ತಾಯಿ ಮತ್ತು ಮಗು ಆಸ್ಪತ್ರೆಯಿಂದ ಮನೆಗೆ ಬಂದರೆಂದರೆ ಅಪಾಯ ಕಳೆಯಿತು ಎಂಬುದೇ ಆ ಭಾವನೆ.

ಕೆಲವು ವರ್ಷಗಳ ಹಿಂದೆ ನಾನು ಕನಕಪುರ ತಾಲ್ಲೂಕಿನ ಕಾಡಂಚಿನ ಒಂದು ಗ್ರಾಮ ಪಂಚಾಯತಿಯಲ್ಲಿ ಕರ್ತವ್ಯದಲ್ಲಿದ್ದೆ. ಒಂದು ಮಧ್ಯಾಹ್ನ ಇ-ಸ್ವತ್ತು ದಾಖಲೆಗಾಗಿ ಬಂದಿದ್ದ ಹಿರಿಯರೊಬ್ಬರಿಗೆ ಮನೆಯಿಂದ ದೂರವಾಣಿ ಕರೆ ಬಂದಿತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳಿಗೆ ತಲೆ ಸುತ್ತುತ್ತಿದೆ ಎಂಬ ಸುದ್ದಿ. ವಿಚಾರಿಸಿದಾಗ ಅವರು, "ಏನಿಲ್ಲ ಸಾರ್, ಬಾಣಂತಿಗೆ ಹೋಗೋದೇ ಅಲ್ವಾ, ಕೆಟ್ಟ ರಕ್ತ ಹೋದ್ರೆ ಒಳ್ಳೇದು ಅಂತ ಹೆಂಗಸ್ರು ಹೇಳ್ತಾವ್ರೆ" ಎಂದರು. ಅಂದು ಹೆರಿಗೆಯಾದ ಹನ್ನೆರಡನೆಯ ದಿನ. ಹಿಂದಿನ ದಿನವಷ್ಟೇ ಮನೆಯಲ್ಲಿ ತೊಟ್ಟಿಲು ಶಾಸ್ತ್ರ ನಡೆದಿತ್ತು. ಸಭೆಗೆಂದು ಕಚೇರಿಗೆ ಬಂದಿದ್ದ ಆಶಾ ಕಾರ್ಯಕರ್ತೆಯೊಬ್ಬರು ಈ ಮಾತು ಕೇಳಿ ಎದ್ದು ಬಂದು ಒಂದೇ ಪ್ರಶ್ನೆ ಕೇಳಿದರು: "ಯಜಮಾನ್ರೇ, ಬೆಳಗಿಂದ ಎಷ್ಟು ಬಟ್ಟೆ ಬದಲಾಯಿಸವ್ರೆ ಅಂತ ಕೇಳಿ." ಮರುಕರೆಯಲ್ಲಿ ಬಂದ ಉತ್ತರ: ಒಂಬತ್ತು. ಆಶಾ ಕಾರ್ಯಕರ್ತೆ ಮರುಮಾತಾಡದೆ 108ಕ್ಕೆ ಕರೆ ಮಾಡಿದರು.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದೊಳಗೆ ಮಾಸಿನ ಒಂದು ಸಣ್ಣ ತುಣುಕು ಉಳಿದಿರುವುದು ಕಂಡುಬಂದಿತು. ಅದನ್ನು ತೆಗೆದು, ಎರಡು ಯೂನಿಟ್ ರಕ್ತ ಕೊಟ್ಟು, ಐದನೆಯ ದಿನ ಆಕೆಯನ್ನು ಮನೆಗೆ ಕಳುಹಿಸಿದರು. ಆ ತಾಯಿ ಬದುಕಿದ್ದು ವ್ಯವಸ್ಥೆಯಿಂದಲ್ಲ, ಆಕಸ್ಮಿಕದಿಂದ. ಆಕೆಯ ಹೆಸರು ಇದ್ದದ್ದು ಮಾಗಡಿ ತಾಲ್ಲೂಕಿನ ಗಂಡನ ಊರಿನ ಆಶಾ ಪಟ್ಟಿಯಲ್ಲಿ. ಅಲ್ಲಿಯ ಕಾರ್ಯಕರ್ತೆ ಮನೆಗೆ ಹೋದಾಗ "ತವರಿಗೆ ಹೋಗಿದ್ದಾರೆ" ಎಂಬ ಉತ್ತರ ದೊರೆತಿತ್ತು. ತವರೂರಿನ ಕಾರ್ಯಕರ್ತೆಗೆ ಇಂತಹ ಬಾಣಂತಿ ತಮ್ಮ ಊರಿನಲ್ಲಿ ಇರುವುದೇ ತಿಳಿದಿರಲಿಲ್ಲ. ಇಬ್ಬರೂ ತಮ್ಮ ಕೆಲಸದಲ್ಲಿ ಲೋಪ ಮಾಡಿರಲಿಲ್ಲ. ಲೋಪವಿದ್ದದ್ದು ಎರಡು ಪಟ್ಟಿಗಳ ನಡುವೆ. ಈ ಲೇಖನದ ಉದ್ದೇಶ ಎರಡು: ತಡವಾಗಿ ಬರುವ ರಕ್ತಸ್ರಾವ ಎಂದರೇನು ಎಂಬುದನ್ನು ತಿಳಿಸುವುದು, ಆ ನಡುವಿನ ತೆರವನ್ನು ಗ್ರಾಮ ಪಂಚಾಯತಿಗಳು ಹೇಗೆ ತುಂಬಬಹುದು ಎಂಬುದನ್ನು ಸೂಚಿಸುವುದು.

ಯಾವುದು ಸಹಜ, ಯಾವುದು ಅಸಹಜ

ಹೆರಿಗೆಯ ನಂತರ ರಕ್ತ ಹೋಗುವುದು ಸಹಜ. ಮೊದಲ ಮೂರು-ನಾಲ್ಕು ದಿನ ಸ್ರಾವವು ಕೆಂಪಾಗಿರುತ್ತದೆ. ಅನಂತರ ಸುಮಾರು ಹತ್ತನೆಯ ದಿನದವರೆಗೆ ತಿಳಿಗೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬಿಳಿ ಅಥವಾ ತಿಳಿಹಳದಿಯಾಗಿ ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಈ ಇಳಿಮುಖದ ಕ್ರಮವೇ ಆರೋಗ್ಯದ ಲಕ್ಷಣ. ಬಣ್ಣ ತಿಳಿಯಾಗುತ್ತಾ, ಪ್ರಮಾಣ ಕಡಿಮೆಯಾಗುತ್ತಾ ಹೋಗಬೇಕು. ತಿಳಿಯಾದದ್ದು ಮತ್ತೆ ಕಡುಗೆಂಪಾಗಿ ಹೆಚ್ಚಾದರೆ ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು.

ವೈದ್ಯಶಾಸ್ತ್ರವು ಹೆರಿಗೆಯಾದ ಮೊದಲ 24 ಗಂಟೆಗಳಲ್ಲಿ ಆಗುವ ಅತಿ ರಕ್ತಸ್ರಾವವನ್ನು ಒಂದು ಬಗೆಯಾಗಿಯೂ, 24 ಗಂಟೆಗಳ ನಂತರ 12 ವಾರಗಳೊಳಗೆ ಆಗುವುದನ್ನು ಮತ್ತೊಂದು ಬಗೆಯಾಗಿಯೂ ಪರಿಗಣಿಸುತ್ತದೆ. ಎರಡನೆಯದೇ ತಡವಾದ ಪ್ರಸವೋತ್ತರ ರಕ್ತಸ್ರಾವ. ಇದು ನೂರು ಹೆರಿಗೆಗಳಲ್ಲಿ ಒಂದು-ಎರಡರಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದ್ದು. ಆದರೆ ಬಂದರೆ ಹೆಚ್ಚಾಗಿ ಎರಡನೆಯ ವಾರದಲ್ಲಿ, ಅಂದರೆ ತಾಯಿಯು ಮನೆಯಲ್ಲಿರುವಾಗ, ವೈದ್ಯರ ಕಣ್ಣಿಗೆ ದೂರವಿರುವಾಗ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಏಳನೆಯ ದಿನದಿಂದ ಹದಿನಾಲ್ಕನೆಯ ದಿನದ ನಡುವೆ, ಮಾಸು ಅಂಟಿಕೊಂಡಿದ್ದ ಜಾಗದ ಹಕ್ಕಳೆ ಉದುರುವಾಗ ಕೆಲವರಿಗೆ ಸ್ವಲ್ಪ ಹೊತ್ತು ಕೆಂಪು ಸ್ರಾವ ಕಾಣಿಸಬಹುದು. ಅದು ಒಂದೆರಡು ಗಂಟೆಯೊಳಗೆ ತಾನಾಗಿ ತಗ್ಗುತ್ತದೆ. ತಗ್ಗದಿದ್ದರೆ ಅಥವಾ ಕೆಳಗಿನ ಯಾವುದೇ ಒಂದು ಲಕ್ಷಣವಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು:

1. ಒಂದು ಗಂಟೆಗೆ ಒಂದು ಪ್ಯಾಡ್ ಅಥವಾ ಮಡಿಸಿದ ದಪ್ಪ ಬಟ್ಟೆ ಪೂರ್ತಿ ನೆನೆಯುವುದು, ಹಾಗೆಯೇ ಎರಡು ಗಂಟೆ ಮುಂದುವರಿಯುವುದು.
2. ನಿಂಬೆಹಣ್ಣಿನ ಗಾತ್ರದ ಅಥವಾ ಅದಕ್ಕಿಂತ ದೊಡ್ಡ ಹೆಪ್ಪುಗಳು ಬೀಳುವುದು.
3. ಸ್ರಾವಕ್ಕೆ ಕೆಟ್ಟ ವಾಸನೆ, 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಚಳಿ, ಕೆಳಹೊಟ್ಟೆಯಲ್ಲಿ ಮುಟ್ಟಿದರೆ ನೋವು.
4. ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ಎದೆ ಬಡಿತ ಹೆಚ್ಚುವುದು, ಮೈ ತಣ್ಣಗಾಗಿ ಬೆವರುವುದು, ಮಂಪರು.

ನಾಲ್ಕನೆಯದು ತಡವಾಗಿ ಬರುವ ಲಕ್ಷಣ. ಅದಕ್ಕಾಗಿ ಕಾಯಬಾರದು.

ಗರ್ಭಕೋಶದೊಳಗೆ ನಡೆಯುವ ಕೆಲಸ

ನಾನು ಎಂಜಿನಿಯರಿಂಗ್ ಓದಿದವನು, ವೈದ್ಯನಲ್ಲ. ಆದ್ದರಿಂದ ಈ ವಿಷಯವನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ನಾವು ದಿನನಿತ್ಯ ಕಾಣುವ ನೀರು ಸರಬರಾಜಿನ ಲೆಕ್ಕ. ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್‌ನಷ್ಟು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಕಳಚಿದೊಡನೆ ಅದು ಅಂಟಿಕೊಂಡಿದ್ದ ಅಂಗೈಯಗಲದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಇವುಗಳನ್ನು ಮುಚ್ಚಲು ಪ್ರಕೃತಿಯು ಗರ್ಭಕೋಶದ ಸ್ನಾಯುವನ್ನೇ ಕವಾಟವನ್ನಾಗಿ ಮಾಡಿದೆ. ಅಡ್ಡ, ಉದ್ದ, ಓರೆಯಾಗಿ ಹೆಣೆದ ಸ್ನಾಯುವಿನ ಎಳೆಗಳು ಬಿಗಿಯಾಗಿ ಕುಗ್ಗಿ, ತಮ್ಮ ನಡುವೆ ಹಾದುಹೋಗುವ ನಾಳಗಳನ್ನು ಹಿಂಡಿ ಮುಚ್ಚುತ್ತವೆ. ಆ ಮೇಲೆ ಹೆಪ್ಪುಗಟ್ಟಿದ ರಕ್ತವು ಬಾಯಿಗಳನ್ನು ಬೆಸೆಯುತ್ತದೆ.

ಹೆರಿಗೆಯಾದಾಗ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಕೋಶವು ಒಂದು ವಾರಕ್ಕೆ ಅರ್ಧ ಕಿಲೋ, ಎರಡು ವಾರಕ್ಕೆ ಸುಮಾರು 300 ಗ್ರಾಂ, ಆರು ವಾರಕ್ಕೆ 100 ಗ್ರಾಂಗಿಂತ ಕಡಿಮೆಯಾಗುತ್ತದೆ. ಹೊರಗಿನಿಂದಲೂ ಇದನ್ನು ತಿಳಿಯಬಹುದು. ಹೆರಿಗೆಯಾದ ದಿನ ಹೊಕ್ಕುಳ ಮಟ್ಟದಲ್ಲಿ ಗಟ್ಟಿಯಾಗಿ ಕೈಗೆ ಸಿಗುವ ಗರ್ಭಕೋಶವು ದಿನಕ್ಕೆ ಸುಮಾರು ಒಂದು ಬೆರಳಿನಷ್ಟು ಇಳಿಯುತ್ತಾ, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹೊಟ್ಟೆಯ ಮೇಲಿನಿಂದ ಕೈಗೆ ಸಿಗದಂತಾಗುತ್ತದೆ. ಮಗು ಹಾಲು ಕುಡಿಯುವಾಗ ತಾಯಿಯ ದೇಹದಲ್ಲಿ ಆಕ್ಸಿಟೋಸಿನ್ ಎಂಬ ರಸದೂತ ಬಿಡುಗಡೆಯಾಗಿ ಗರ್ಭಕೋಶವು ಮತ್ತಷ್ಟು ಕುಗ್ಗುತ್ತದೆ. ಹಾಲೂಡಿಸುವಾಗ ಹೊಟ್ಟೆ ಹಿಂಡಿದಂತಾಗುವುದು ಇದರಿಂದಲೇ. ಅದು ಒಳ್ಳೆಯ ಸೂಚನೆ.

ಕಾರಣಗಳು

ಈ ಕುಗ್ಗುವಿಕೆಗೆ ಅಥವಾ ಹೆಪ್ಪುಗಟ್ಟುವಿಕೆಗೆ ಅಡ್ಡಿಯಾಗುವ ಯಾವುದೇ ಸಂಗತಿಯು ತಡವಾದ ರಕ್ತಸ್ರಾವಕ್ಕೆ ಕಾರಣವಾಗಬಹುದು.

ಮೊದಲನೆಯದು, ಒಳಗೆ ಉಳಿದ ಮಾಸಿನ ತುಣುಕು ಅಥವಾ ಪೊರೆ. ನಮ್ಮ ಕಡೆ ಇದನ್ನು 'ಕಸ ಉಳಿಯುವುದು' ಎನ್ನುತ್ತಾರೆ. ಬಾಗಿಲ ಸಂದಿನಲ್ಲಿ ಸಿಕ್ಕ ಕಲ್ಲು ಬಾಗಿಲನ್ನು ಮುಚ್ಚಗೊಡದಂತೆ ಈ ತುಣುಕು ಗರ್ಭಕೋಶವನ್ನು ಪೂರ್ತಿ ಕುಗ್ಗಗೊಡುವುದಿಲ್ಲ. ಆಸ್ಪತ್ರೆಯಲ್ಲಿ ಮಾಸನ್ನು ಪರೀಕ್ಷಿಸಿಯೇ ಕಳುಹಿಸಿದರೂ ಸಣ್ಣ ತುಣುಕು ಕಣ್ತಪ್ಪುವ ಸಂಭವವಿದೆ.

ಎರಡನೆಯದು, ಸೋಂಕು. ಗರ್ಭಕೋಶದ ಒಳಪದರಕ್ಕೆ ನಂಜು ತಗುಲಿದರೆ ಸ್ನಾಯು ಸಡಿಲಗೊಳ್ಳುತ್ತದೆ, ಹೆಪ್ಪುಗಳು ಕರಗುತ್ತವೆ. ಬಹಳ ಹೊತ್ತು ನೋವು ತಿಂದವರು, ನೀರು ಒಡೆದು ಬಹಳ ತಡವಾಗಿ ಹೆತ್ತವರು, ಸಿಸೇರಿಯನ್ ಆದವರು, ರಕ್ತಹೀನತೆಯುಳ್ಳವರು ಇದಕ್ಕೆ ಸುಲಭವಾಗಿ ಈಡಾಗುತ್ತಾರೆ. ಉಳಿದ ತುಣುಕು ಮತ್ತು ಸೋಂಕು ಅನೇಕ ವೇಳೆ ಜೊತೆಯಾಗಿಯೇ ಇರುತ್ತವೆ.

ಮೂರನೆಯದು, ತುಣುಕೂ ಸೋಂಕೂ ಇಲ್ಲದೆ, ಮಾಸು ಅಂಟಿಕೊಂಡಿದ್ದ ಜಾಗದ ನಾಳಗಳು ಸಕಾಲದಲ್ಲಿ ಮುಚ್ಚಿಕೊಳ್ಳದಿರುವುದು. ಎರಡನೆಯ ವಾರದಲ್ಲಿ ಹಠಾತ್ತನೆ ಬರುವ ರಕ್ತಸ್ರಾವದ ಪ್ರಮುಖ ಕಾರಣಗಳಲ್ಲಿ ಇದೂ ಒಂದು.

ಉಳಿದವು ಅಪರೂಪ; ಆದರೆ ಮರೆಯತಕ್ಕವಲ್ಲ. ಸಿಸೇರಿಯನ್ ನಂತರ ಒಳಗಿನ ಹೊಲಿಗೆ ಬಿಡಬಹುದು, ಅಥವಾ ಪೆಟ್ಟಾದ ರಕ್ತನಾಳವು ಗುಳ್ಳೆಯಂತೆ ಉಬ್ಬಿ ಒಡೆಯಬಹುದು. ನಮ್ಮ ರಾಜ್ಯದಲ್ಲಿ ಮೇಲೆ ಹೇಳಿದ ಸಮೀಕ್ಷೆಯಂತೆ ಶೇಕಡ 31.5ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿರುವುದರಿಂದ ಈ ಮಾತು ಸಂಬಂಧವಿಲ್ಲದ್ದಲ್ಲ. ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವಿಕೆಯ ಕೊರತೆಯಿರುವವರಲ್ಲಿ ಬಸಿರಿನ ಕಾಲದಲ್ಲಿ ಹೆಚ್ಚಿದ್ದ ಹೆಪ್ಪುಗಟ್ಟಿಸುವ ಅಂಶಗಳು ಹೆರಿಗೆಯ ನಂತರ ಇಳಿದಾಗ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಮೈನೆರೆದಾಗಿನಿಂದಲೂ ಅತಿಯಾದ ಮುಟ್ಟು, ಪದೇ ಪದೇ ಮೂಗಿನಲ್ಲಿ ರಕ್ತ, ಹಲ್ಲು ಕಿತ್ತಾಗ ನಿಲ್ಲದ ರಕ್ತ, ಇಂತಹ ಹಿನ್ನೆಲೆಯಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹೃದಯದ ತೊಂದರೆಗಾಗಿ ರಕ್ತ ತಿಳಿಗೊಳಿಸುವ ಮಾತ್ರೆ ಸೇವಿಸುವವರು ಅದನ್ನೂ ಹೇಳಬೇಕು. ಬಹಳ ಅಪರೂಪವಾಗಿ, ಮಾಸಿನ ಜೀವಕೋಶಗಳಿಂದಲೇ ಬೆಳೆಯುವ ಒಂದು ಬಗೆಯ ಕ್ಯಾನ್ಸರ್ ವಾರಗಟ್ಟಲೆ ನಿಲ್ಲದ ರಕ್ತಸ್ರಾವವಾಗಿ ಕಾಣಿಸುತ್ತದೆ. ಸಕಾಲದಲ್ಲಿ ಗುರುತಿಸಿದರೆ ಅದು ಔಷಧಗಳಿಂದ ಗುಣವಾಗುವಂಥದ್ದು.

ಎರಡನೆಯ ವಾರದ ನಷ್ಟವನ್ನು ದೇಹ ಏಕೆ ತಾಳಲಾರದು

ಬಸಿರಿನ ಕಾಲದಲ್ಲಿ ಹೆಣ್ಣಿನ ದೇಹವು ತನ್ನ ರಕ್ತದ ಪ್ರಮಾಣವನ್ನು ಶೇಕಡ 40ರಿಂದ 50ರಷ್ಟು ಹೆಚ್ಚಿಸಿಕೊಂಡಿರುತ್ತದೆ. ಹೆರಿಗೆಯ ದಿನದ ನಷ್ಟಕ್ಕೆ ಅದು ಮುನ್ನೇರ್ಪಾಡು. ಆದರೆ ಹೆರಿಗೆಯಾಗಿ ಸುಮಾರು ಒಂದು ವಾರದಲ್ಲಿ ಈ ಹೆಚ್ಚುವರಿ ಸಂಗ್ರಹ ಬಹುಪಾಲು ಇಳಿದುಹೋಗಿರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ಸುಮಾರು 70 ಮಿಲಿಲೀಟರ್ ರಕ್ತವೆಂದು ಲೆಕ್ಕ ಹಿಡಿದರೆ, 45 ಕಿಲೋ ತೂಕದ ತಾಯಿಯಲ್ಲಿ ಇರುವುದು ಸುಮಾರು ಮೂರು ಲೀಟರ್ ಮಾತ್ರ. ಅದರಲ್ಲಿ ಅರ್ಧ ಲೀಟರ್ ಹೋದರೆ ಆರರಲ್ಲಿ ಒಂದು ಪಾಲು ಹೋದಂತಾಯಿತು. ಅದರ ಮೇಲೆ ರಕ್ತಹೀನತೆ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡ 45ಕ್ಕೂ ಹೆಚ್ಚು ಮಂದಿ ರಕ್ತಹೀನತೆಯುಳ್ಳವರು. ಅರ್ಧ ತುಂಬಿದ ಟ್ಯಾಂಕಿನಲ್ಲಿ ಸೋರಿಕೆ ಶುರುವಾದರೆ ಖಾಲಿಯಾಗಲು ಬಹಳ ಹೊತ್ತು ಬೇಕಿಲ್ಲ.

ಇದಕ್ಕೆ ನಮ್ಮ ಮನೆಗಳ ರೂಢಿಯೂ ಸೇರಿಕೊಳ್ಳುತ್ತದೆ. ಸೂತಕದ ದಿನಗಳಲ್ಲಿ ಬಾಣಂತಿ ಕೋಣೆಯೊಳಗೆ ಒಬ್ಬಳೇ ಇರುತ್ತಾಳೆ. ಬಟ್ಟೆಗಳನ್ನು ಯಾರಿಗೂ ಕಾಣದಂತೆ ಒಗೆದು ಒಣಗಿಸಲಾಗುತ್ತದೆ. ಹನ್ನೊಂದನೆಯ ದಿನದ ಶುದ್ಧಿ, ತೊಟ್ಟಿಲು ಶಾಸ್ತ್ರದ ಗಡಿಬಿಡಿಯಲ್ಲಿ ಮನೆ ತುಂಬ ನೆಂಟರು. ರಕ್ತಸ್ರಾವದ ಅಪಾಯ ಹೆಚ್ಚಿರುವ ದಿನಗಳೂ ಇವೇ. 'ಕೆಟ್ಟ ರಕ್ತ ಹೋಗಲಿ' ಎಂಬ ಮಾತು ಆಗ ಸಮಾಧಾನದಂತೆ ಕೇಳಿಸಿದರೂ ಅದರಿಂದ ಆಗುವುದು ವಿಳಂಬವೇ. ಹೋಗುವ ರಕ್ತದಲ್ಲಿ ಕೆಟ್ಟದ್ದೆಂಬುದಿಲ್ಲ. ಅದು ತಾಯಿಯ ಮೈಯ ರಕ್ತವೇ.

ಹಿರಿಯರ ಆರೈಕೆಯಲ್ಲಿ ಒಳ್ಳೆಯದು ಬಹಳವಿದೆ: ವಿಶ್ರಾಂತಿ, ಬೆಚ್ಚಗಿನ ಕೋಣೆ, ಹೊರೆಗೆಲಸದಿಂದ ಬಿಡುವು. ಅವನ್ನು ಉಳಿಸಿಕೊಳ್ಳಬೇಕು. ಕುಡಿಯುವ ನೀರನ್ನು ಮಿತಗೊಳಿಸುವುದು, ಸೊಪ್ಪು-ಕಾಳು-ಮೊಟ್ಟೆಗಳನ್ನು ವರ್ಜಿಸುವುದು, ಹೊಟ್ಟೆಯನ್ನು ಬಲವಾಗಿ ನೀವುವುದು, ಇವನ್ನು ಬಿಡಬೇಕು.

ಮನೆಯಲ್ಲಿ ಮಾಡಬೇಕಾದದ್ದು

ಅತಿ ರಕ್ತಸ್ರಾವ ಕಂಡೊಡನೆ 108ಕ್ಕೆ ಕರೆ ಮಾಡಬೇಕು. ಜೊತೆಗೇ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ವಾಹನ ಬರುವವರೆಗೆ ತಾಯಿಯನ್ನು ಮಲಗಿಸಿ, ಕಾಲುಗಳ ಕೆಳಗೆ ದಿಂಬಿಟ್ಟು ಎತ್ತರಿಸಿ, ಕಂಬಳಿ ಹೊದಿಸಬೇಕು. ಆಗುವಂತಿದ್ದರೆ ಮಲಗಿದಲ್ಲಿಯೇ ಮೂತ್ರ ವಿಸರ್ಜನೆಗೆ ನೆರವಾಗಬೇಕು. ತುಂಬಿದ ಮೂತ್ರಕೋಶ ಗರ್ಭಕೋಶದ ಕುಗ್ಗುವಿಕೆಗೆ ಅಡ್ಡಿ. ಎಚ್ಚರವಾಗಿದ್ದರೆ ಮಗುವಿಗೆ ಹಾಲೂಡಿಸಲಿ. ನೆನೆದ ಬಟ್ಟೆಗಳನ್ನು ಎಸೆಯದೆ ಚೀಲದಲ್ಲಿ ಹಾಕಿ ಒಯ್ಯಬೇಕು. ಎಷ್ಟು ರಕ್ತ ಹೋಗಿದೆಯೆಂದು ವೈದ್ಯರು ಅಂದಾಜು ಮಾಡಲು ಅದೇ ಆಧಾರ. ತಾಯಿ ಕಾರ್ಡ್ ಮತ್ತು ಆಸ್ಪತ್ರೆಯ ಬಿಡುಗಡೆ ಚೀಟಿ ಜೊತೆಯಲ್ಲಿರಲಿ. ರಕ್ತ ಕೊಡಬಲ್ಲ ಒಬ್ಬಿಬ್ಬರು ಜೊತೆಗೆ ಹೊರಡಲಿ. ಮಗುವನ್ನೂ ಕರೆದೊಯ್ಯಬೇಕು.

ಒಳಗೆ ಬಟ್ಟೆ ತುರುಕಬಾರದು. ಮಂಪರಿನಲ್ಲಿರುವವರಿಗೆ ಬಾಯಿಯ ಮೂಲಕ ಏನನ್ನೂ ಕೊಡಬಾರದು. ಔಷಧಿ ಅಂಗಡಿಯಿಂದ ತಾವಾಗಿಯೇ ಮಾತ್ರೆ ತಂದು ನುಂಗಿಸಬಾರದು. ಬೆಳಗಾಗಲಿ ಎಂದು ಕಾಯಬಾರದು.

ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆ

ಚಿಕಿತ್ಸೆಯ ಕ್ರಮ ತಿಳಿದಿದ್ದರೆ ಕುಟುಂಬದವರ ಹೆದರಿಕೆ ಕಡಿಮೆಯಾಗುತ್ತದೆ; ವೈದ್ಯರ ಮಾತಿಗೆ ಒಪ್ಪಿಗೆ ಕೊಡಲು ತಡವಾಗುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ನಾಡಿ, ರಕ್ತದೊತ್ತಡ, ಜ್ವರ ನೋಡಿ, ರಕ್ತನಾಳಕ್ಕೆ ಸೂಜಿ ಹಾಕಿ ದ್ರವ ಕೊಡುತ್ತಾರೆ. ಗರ್ಭಕೋಶ ಕುಗ್ಗಲು ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಲಾಗುತ್ತದೆ. ರಕ್ತದೊತ್ತಡ ಹೆಚ್ಚಿಲ್ಲದವರಿಗೆ ಮಾತ್ರ ಮೀಥೈಲ್ ಎರ್ಗೊಮೆಟ್ರಿನ್ ಕೊಡಬಹುದು. ಬಸಿರಿನಲ್ಲಿ ರಕ್ತದೊತ್ತಡವಿದ್ದ ತಾಯಂದಿರು ಅದನ್ನು ಮುಂಚಿತವಾಗಿಯೇ ಹೇಳಬೇಕಾದದ್ದು ಇದಕ್ಕಾಗಿ. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಸೋಂಕಿನ ಅನುಮಾನವಿದ್ದರೆ ಪ್ರತಿಜೀವಕ ಔಷಧಗಳು ಆರಂಭವಾಗುತ್ತವೆ. ಅನಂತರ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ, ಅಗತ್ಯವಿದ್ದರೆ ಬೆಂಗಳೂರಿನ ವಾಣಿವಿಲಾಸದಂತಹ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ.

ದೊಡ್ಡ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಹೆಪ್ಪುಗಟ್ಟುವ ಶಕ್ತಿಯ ಪರೀಕ್ಷೆಗಳೂ ಅಲ್ಟ್ರಾಸೌಂಡ್ ಸ್ಕ್ಯಾನಿಂಗೂ ನಡೆಯುತ್ತವೆ. ಸೋಂಕು ಮಾತ್ರವಿದ್ದರೆ ಔಷಧಗಳೇ ಸಾಕಾಗಬಹುದು. ತುಣುಕು ಉಳಿದು ರಕ್ತ ನಿಲ್ಲದಿದ್ದರೆ ಅರಿವಳಿಕೆ ಕೊಟ್ಟು ಅದನ್ನು ಹೀರುಕೊಳವೆಯಿಂದ ತೆಗೆಯುತ್ತಾರೆ. ಈ ದಿನಗಳಲ್ಲಿ ಗರ್ಭಕೋಶದ ಗೋಡೆ ಬಹಳ ಮೆತ್ತಗಿದ್ದು ತೂತಾಗುವ ಸಂಭವವಿರುವುದರಿಂದ ಇದು ಅನುಭವಿ ವೈದ್ಯರು, ಪ್ರತಿಜೀವಕದ ರಕ್ಷಣೆಯೊಂದಿಗೆ, ರಕ್ತವನ್ನು ಸಿದ್ಧವಾಗಿಟ್ಟುಕೊಂಡು ಮಾಡಬೇಕಾದ ಕೆಲಸ. ಊರಿನ ಸಣ್ಣ ಕ್ಲಿನಿಕ್ಕುಗಳಲ್ಲಿ 'ಕ್ಲೀನ್ ಮಾಡಿಸುವುದು' ಅಪಾಯಕಾರಿ. ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಅಪರೂಪದ ಕಾಯಿಲೆಗಳಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಅಷ್ಟಕ್ಕೂ ನಿಲ್ಲದಿದ್ದರೆ ಗರ್ಭಕೋಶದೊಳಗೆ ಬಲೂನಿರಿಸಿ ಒತ್ತಡ ಕೊಡುವುದು, ಸೌಲಭ್ಯವಿರುವ ಕಡೆ ರಕ್ತನಾಳವನ್ನು ಒಳಗಿನಿಂದಲೇ ಮುಚ್ಚುವುದು, ಶಸ್ತ್ರಚಿಕಿತ್ಸೆಯಿಂದ ನಾಳಗಳನ್ನು ಕಟ್ಟುವುದು ಮುಂದಿನ ಹಂತಗಳು. ಗರ್ಭಕೋಶವನ್ನು ತೆಗೆಯುವುದು ಜೀವ ಉಳಿಸಲು ಬೇರೆ ದಾರಿಯಿಲ್ಲದಾಗ ಮಾತ್ರ. ಬೇಗ ಬಂದವರಿಗೆ ಸಾಮಾನ್ಯವಾಗಿ ಆ ಹಂತ ಬರುವುದಿಲ್ಲ.

ಮನೆಗೆ ಮರಳಿದ ಮೇಲೆ ಕಳೆದುಹೋದ ರಕ್ತವನ್ನು ತುಂಬಿಸುವ ಕೆಲಸವಿದೆ. ಸರ್ಕಾರ ಉಚಿತವಾಗಿ ನೀಡುವ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ, ದಿನಕ್ಕೊಂದರಂತೆ ಸೇವಿಸಬೇಕು. ಕಾಫಿ-ಚಹದೊಡನೆ ಸೇವಿಸಬಾರದು, ನಿಂಬೆಹಣ್ಣಿನ ಪಾನಕ ಒಳ್ಳೆಯದು. ಹೆಚ್ಚು ರಕ್ತ ಹೋದವರಿಗೆ ಪ್ರಮಾಣವನ್ನು ವೈದ್ಯರು ಬದಲಿಸಬಹುದು. ರಾಗಿ, ನುಗ್ಗೆಸೊಪ್ಪು, ಮೊಳಕೆಕಾಳು, ಮೊಟ್ಟೆಗಳ ಜೊತೆಗೆ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯ ಬಿಸಿಯೂಟವೂ ಬಾಣಂತಿಯ ಹಕ್ಕಾಗಿದೆ.

ಬೆಳಗಾವಿಯ ಪಾಠ

ಹಳ್ಳಿಯ ಮಟ್ಟದ ಸಿಬ್ಬಂದಿಯಿಂದ ಇಂತಹ ವಿಷಯದಲ್ಲಿ ಏನಾದೀತು ಎಂದು ಕೇಳುವವರಿಗೆ ನಮ್ಮ ರಾಜ್ಯದಲ್ಲಿಯೇ ಉತ್ತರವಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರನ್ನೊಳಗೊಂಡ ಅಧ್ಯಯನವೊಂದನ್ನು ನಡೆಸಿದರು. ಹೆರಿಗೆಯಾದೊಡನೆ ಕಿರಿಯ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ನುಂಗಿಸಿದಾಗ ತಕ್ಷಣದ ಅತಿ ರಕ್ತಸ್ರಾವವು ಶೇಕಡ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತು ಗಮನಿಸಿತು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡಬೇಕಾದ ಆಕ್ಸಿಟೋಸಿನ್‌ಗೆ ಪ್ರತಿಯಾಗಿ, ಶೀತಕಪೆಟ್ಟಿಗೆಯ ಹಂಗಿಲ್ಲದ ಮಾತ್ರೆಯೊಂದು ವಿದ್ಯುತ್ ಸರಿಯಾಗಿಲ್ಲದ ಹಳ್ಳಿಯಲ್ಲಿಯೂ ಕೆಲಸ ಮಾಡಬಲ್ಲದೆಂದು, ಅದನ್ನು ಗ್ರಾಮದ ಆರೋಗ್ಯ ಸಹಾಯಕಿಯೇ ಸುರಕ್ಷಿತವಾಗಿ ಕೊಡಬಲ್ಲಳೆಂದು ಅದು ತೋರಿಸಿತು.

ಆದರೆ ಅದು ಹೆರಿಗೆಯ ದಿನದ ರಕ್ತಸ್ರಾವಕ್ಕೆ ಸಂಬಂಧಿಸಿದ ಉತ್ತರ. ಎರಡನೆಯ ವಾರದ ರಕ್ತಸ್ರಾವವನ್ನು ಮುಂಚಿತವಾಗಿ ತಡೆಯಬಲ್ಲ ಅಂತಹ ಮಾತ್ರೆಯಿಲ್ಲ. ಅದಕ್ಕೆ ಬೇಕಾದದ್ದು ಬಾಣಂತಿಯ ಮನೆಗೆ ಹೋಗಿ ನೋಡುವ ಕಣ್ಣು, ಸಂಕೋಚ ಬಿಟ್ಟು ಕೇಳುವ ಮಾತು. ಆ ವ್ಯವಸ್ಥೆ ಕಾಗದದ ಮೇಲೆ ಈಗಾಗಲೇ ಇದೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೆಯ ದಿನಗಳಂದು ಭೇಟಿ ನೀಡಬೇಕು. 7 ಮತ್ತು 14ನೆಯ ದಿನದ ಭೇಟಿಗಳು ಅಪಾಯದ ವಾರದ ಎರಡು ಗಡಿಗಳಲ್ಲಿಯೇ ಬರುತ್ತವೆ. ಪ್ರಶ್ನೆಯಿರುವುದು ಆ ಭೇಟಿ ಯಾರ ಮನೆಗೆ, ಗಂಡನ ಮನೆಗೋ ತವರಿಗೋ ಎಂಬುದು.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧಗಳು ಹೆಚ್ಚು. ಬಿಡದಿಯ ಕಾರ್ಖಾನೆಗಳಿಗೆ, ಬೆಂಗಳೂರಿಗೆ ದುಡಿಯಲು ಹೋದವರ ಮನೆಯ ಹೆಣ್ಣುಮಕ್ಕಳೂ ಬಾಣಂತನಕ್ಕೆ ಊರಿಗೆ ಬರುತ್ತಾರೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಆರೋಗ್ಯ ಇಲಾಖೆಯ ಸಿಬ್ಬಂದಿಯೊಡನೆ ಸಮಾಲೋಚಿಸಿ ಕೈಗೊಳ್ಳಬಹುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಾಗಿಲ್ಲ.

ಒಂದು: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಮಾಸಿಕ ಸಭೆಯಲ್ಲಿ 'ಊರಿಗೆ ಬಂದ ಬಾಣಂತಿಯರು' ಮತ್ತು 'ಊರಿನಿಂದ ತವರಿಗೆ ಹೋದ ಬಾಣಂತಿಯರು' ಎಂಬ ಎರಡು ಪಟ್ಟಿಗಳನ್ನು ಸಿದ್ಧಪಡಿಸುವುದು. ಅಂಗನವಾಡಿ ಕಾರ್ಯಕರ್ತೆ, ನೀರುಗಂಟಿ, ಸ್ವಸಹಾಯ ಸಂಘದ ಸದಸ್ಯೆಯರು, ಇವರಲ್ಲಿ ಯಾರಿಗಾದರೂ ಹೊಸ ಬಾಣಂತಿಯ ಸುದ್ದಿ ಮೊದಲು ತಿಳಿದಿರುತ್ತದೆ.

ಎರಡು: ಏಳನೆಯ ತಿಂಗಳಿನಲ್ಲಿಯೇ ಗರ್ಭಿಣಿಯು ಬಾಣಂತನ ಕಳೆಯುವ ಊರು, ಅಲ್ಲಿಯ ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆಗಳನ್ನು ತಾಯಿ ಕಾರ್ಡಿನ ಮೇಲೆ ಬರೆಯಿಸುವುದು. ಆಕೆ ಹೊರಟ ದಿನ ಒಬ್ಬ ಕಾರ್ಯಕರ್ತೆಯಿಂದ ಮತ್ತೊಬ್ಬರಿಗೆ ಒಂದು ಕರೆ ಹೋಗಲಿ. ತಾಲ್ಲೂಕಿನ ಗಡಿ ಆ ಕರೆಗೆ ಅಡ್ಡಿಯಾಗಬಾರದು.

ಮೂರು: ಕೋಡಿಹಳ್ಳಿ, ಉಯ್ಯಂಬಳ್ಳಿ ಹೋಬಳಿಗಳಂತಹ ಕಾಡಂಚಿನ ಕಡೆಗಳಲ್ಲಿಯೂ ಇರುಳಿಗರ ಹಾಡಿಗಳಲ್ಲಿಯೂ ರಾತ್ರಿ ಆನೆಗಳ ಭಯದಿಂದ ಪ್ರಯಾಣವೇ ಕಷ್ಟ. ಇಂತಹ ಜನವಸತಿಗಳಿಗೆ ರಾತ್ರಿ ದೊರೆಯಬಲ್ಲ ವಾಹನಗಳ ಮಾಲೀಕರ ಪಟ್ಟಿಯನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಯಿಸುವುದು. ಕವಲುದಾರಿಗಳಲ್ಲಿ ಊರಿನ ನಾಮಫಲಕ ಮತ್ತು ಬೀದಿದೀಪ ಇರುವಂತೆ ನೋಡಿಕೊಳ್ಳುವುದು. ಆಂಬ್ಯುಲೆನ್ಸ್ ದಾರಿ ತಪ್ಪಿ ಕಳೆಯುವ ಅರ್ಧ ಗಂಟೆಯನ್ನು ಒಂದು ಫಲಕ ಉಳಿಸಬಲ್ಲದು.

ನಾಲ್ಕು: ಪಂಚಾಯತಿ ವ್ಯಾಪ್ತಿಯ ಸ್ವಯಂಪ್ರೇರಿತ ರಕ್ತದಾನಿಗಳ ಪಟ್ಟಿಯನ್ನು ರಕ್ತದ ಗುಂಪಿನೊಡನೆ ಇಡುವುದು, ವರ್ಷಕ್ಕೊಮ್ಮೆಯಾದರೂ ರಕ್ತದಾನ ಶಿಬಿರ ಏರ್ಪಡಿಸುವುದು.

ಐದು: ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಶೀತಕಪೆಟ್ಟಿಗೆಗೆ ನಿರಂತರ ವಿದ್ಯುತ್ ದೊರೆಯುತ್ತಿದೆಯೇ ಎಂದು ವೈದ್ಯಾಧಿಕಾರಿಯವರನ್ನು ಕೇಳುವುದು, ತೊಂದರೆಯಿದ್ದರೆ ಪರಿಹಾರಕ್ಕೆ ಕೈಜೋಡಿಸುವುದು.

ಆರು: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಮಾತ್ರವಲ್ಲ, ಹೆರಿಗೆಯ ನಂತರದ ತೊಡಕುಗಳಿಗೂ ಔಷಧ, ಪರೀಕ್ಷೆ, ರಕ್ತ ಮತ್ತು ಸಾಗಣೆ ಉಚಿತವೆಂಬುದನ್ನು ಗ್ರಾಮ ಸಭೆಯಲ್ಲಿ ಸಾರುವುದು. ಹಣವಿಲ್ಲವೆಂಬ ಚಿಂತೆಯಿಂದಲೇ ಮನೆಯವರು ಬೆಳಗಿನವರೆಗೆ ಕಾಯುವ ಸಂದರ್ಭಗಳಿವೆ.

ಏಳು: ಅಪಾಯದ ಲಕ್ಷಣಗಳನ್ನು ಅತ್ತೆಯಂದಿರಿಗೂ ತಾಯಂದಿರಿಗೂ ಮಾತ್ರವಲ್ಲ, ಗಂಡಸರಿಗೂ ತಿಳಿಸುವುದು. ವಾಹನ ತರುವವರು, ಹಣ ಹೊಂದಿಸುವವರು, ಒಪ್ಪಿಗೆಗೆ ಸಹಿ ಮಾಡುವವರು ಹೆಚ್ಚಾಗಿ ಅವರೇ. ಹೆಂಗಸರ ವಿಷಯವೆಂದು ಗಂಡಸರು ದೂರ ಸರಿದರೆ ಬಾಣಂತಿಗೆ ಸಿಗಬೇಕಾದ ನೆರವು ತಡವಾಗುತ್ತದೆ.

ಆಶಾ ಭೇಟಿಗಳು 42ನೆಯ ದಿನಕ್ಕೆ ಮುಗಿಯುತ್ತವೆ. ತಡವಾದ ರಕ್ತಸ್ರಾವದ ಅವಧಿಯು ಹನ್ನೆರಡು ವಾರಗಳವರೆಗೆ ಚಾಚಿದೆ. ಮಗುವಿನ ಚುಚ್ಚುಮದ್ದಿಗೆ ತಾಯಿ ಬಂದಾಗಲೆಲ್ಲ ಆಕೆಯ ಆರೋಗ್ಯವನ್ನೂ ವಿಚಾರಿಸಿದರೆ ಈ ಉಳಿದ ಅವಧಿಯೂ ತೆರವಾಗಿ ಉಳಿಯುವುದಿಲ್ಲ.

ನೀರಿನ ಕೊಳವೆ ಒಡೆದರೆ ಒಂದು ಗಂಟೆಯೊಳಗೆ ಪಂಚಾಯತಿಗೆ ಹತ್ತು ದೂರುಗಳು ಬರುತ್ತವೆ, ಬರಬೇಕಾದದ್ದೇ. ಮುಚ್ಚಿದ ಕೋಣೆಯೊಳಗಿನ ಬಾಣಂತಿಯ ಪರವಾಗಿ ದೂರು ಕೊಡುವವರು ಯಾರೂ ಇರುವುದಿಲ್ಲ. ಆದ್ದರಿಂದ ನಾವೇ ಹೋಗಿ ಕೇಳಬೇಕು. ಅಂದು ಆಶಾ ಕಾರ್ಯಕರ್ತೆ ಕೇಳಿದ 'ಬೆಳಗಿನಿಂದ ಎಷ್ಟು ಬಟ್ಟೆ ಬದಲಾಯಿಸಿದ್ದಾರೆ' ಎಂಬ ಪ್ರಶ್ನೆಗೆ ಉಪಕರಣ ಬೇಕಿಲ್ಲ, ಅನುದಾನ ಬೇಕಿಲ್ಲ. ನಾಲ್ಕೂ ತಾಲ್ಲೂಕುಗಳ ಪ್ರತಿಯೊಂದು ಬಾಣಂತಿ ಮನೆಯಲ್ಲಿ, ಎರಡನೆಯ ವಾರದಲ್ಲಿ ಒಮ್ಮೆಯಾದರೂ ಈ ಪ್ರಶ್ನೆ ಕೇಳಿಬರುವಂತೆ ಮಾಡುವುದು ನಮ್ಮಿಂದ ಆಗದ ಕೆಲಸವೇನಲ್ಲ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ